ಗಂಡಿಲಿ, ಹೆಣ್ಣಿಲಿ, ಮಳೆಗಾಲ: ಆಟೋಇಮ್ಯೂನ್ ಪ್ರಯೋಗಕ್ಕೆ ಕೈಹಾಕುವವರಿಗೆ

ಶಿವಮೊಗ್ಗದ ಹತ್ತಿರದ ಒಂದು ಕಾಲೇಜಿನ ಇಲಿಮನೆಯನ್ನು ಹದಿಮೂರು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ಓದಿದ್ದು ಪಶುವೈದ್ಯ. ಮನೆಯವರೆಲ್ಲ ನಾನು ದನ ನೋಡುತ್ತೇನೆ ಅಂದುಕೊಂಡಿದ್ದರು, ಸಿಕ್ಕಿದ್ದು ಇಪ್ಪತ್ತೈದು ಗ್ರಾಂ ತೂಗುವ ಬಿಳಿ ಇಲಿ. ಅಮ್ಮ ಈಗಲೂ ನೆಂಟರ ಹತ್ತಿರ "ಅವಳು ಡಾಕ್ಟ್ರು" ಅಂತ ಇಷ್ಟೇ ಹೇಳಿ ಮಾತು ಬದಲಿಸುತ್ತಾಳೆ.

ವರ್ಷಕ್ಕೊಬ್ಬರಾದರೂ ಎಂಎಸ್ಸಿ ಹುಡುಗ ಅಥವಾ ಹುಡುಗಿ ಬಂದು ಕೇಳುತ್ತಾರೆ: "ಮೇಡಂ, ಆಟೋಇಮ್ಯೂನ್ ಕಾಯಿಲೆಯಲ್ಲಿ ಗಂಡು ಹೆಣ್ಣಿನ ವ್ಯತ್ಯಾಸ ನೋಡಬೇಕು, ಹತ್ತು ಗಂಡು ಹತ್ತು ಹೆಣ್ಣು ಕೊಡಿ." ಸಂತೆಯಲ್ಲಿ ಕೋಳಿ ಕೇಳಿದ ಹಾಗೆ. ಅವರಿಗೆ ಪ್ರತಿ ಸಲ ಬಾಯಲ್ಲಿ ಹೇಳುವುದನ್ನು ಈ ಸಲ ಬರೆದಿಡುತ್ತಿದ್ದೇನೆ.

ನನಗೂ ಈ ವಿಷಯ ಸುಮ್ನೆ ಅಲ್ಲ. ನನ್ನ ಅಕ್ಕನಿಗೆ ಲೂಪಸ್ ಇದೆ. ಇಪ್ಪತ್ತೇಳನೇ ವಯಸ್ಸಿಗೆ ಬೆರಳ ಗಂಟು ಊದಿಕೊಂಡಾಗ ಎಲ್ಲರೂ ವಾತ ಅಂದರು. ಒಂದು ವರ್ಷ ಎಣ್ಣೆ ತಿಕ್ಕಿದ್ದೇ ಆಯಿತು. ಕಾವಲು ಕಾಯಬೇಕಾದ ರಕ್ಷಣಾ ವ್ಯವಸ್ಥೆ ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಸ್ವಂತ ಮೈಯನ್ನೇ ತಿನ್ನುವ ಕಾಯಿಲೆ ಇದು. ಆಟೋಇಮ್ಯೂನ್ ರೋಗಿಗಳಲ್ಲಿ ಐವರಿಗೆ ಸುಮಾರು ನಾಲ್ವರು ಹೆಂಗಸರು. ಲೂಪಸ್‌ನಲ್ಲಂತೂ ಒಬ್ಬ ಗಂಡಸಿಗೆ ಒಂಬತ್ತು ಹೆಂಗಸರು. ಯಾಕೆ ಹೀಗೆ ಅಂತ ಕೇಳುವುದಕ್ಕೆ ಇಲಿ ಒಳ್ಳೆಯ ದಾರಿ. ಆದರೆ ಒಂದು ತೊಡಕಿದೆ. ಗಂಡಿಲಿಗೂ ಹೆಣ್ಣಿಲಿಗೂ ನಡುವೆ ಕಾಣುವ ವ್ಯತ್ಯಾಸದಲ್ಲಿ ಇಲಿಯದ್ದೆಷ್ಟು, ನಾವೇ ಮಾಡಿದ್ದೆಷ್ಟು ಅಂತ ಬಿಡಿಸದಿದ್ದರೆ ಮಾಡಿದ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಮೊದಲು ತಳಿ ಗೊತ್ತು ಮಾಡಿಕೊಳ್ಳಿ

"ಹೆಣ್ಣಿಗೆ ಜಾಸ್ತಿ" ಅನ್ನುವುದು ಎಲ್ಲ ತಳಿಗೂ ನಿಜ ಅಲ್ಲ. ಲೂಪಸ್‌ಗೆ ಹೆಸರಾದದ್ದು ನ್ಯೂಜಿಲೆಂಡ್ ಮೂಲದ ಎನ್‌ಜೆಡ್‌ಬಿ ಮತ್ತು ಎನ್‌ಜೆಡ್‌ಡಬ್ಲ್ಯು ತಳಿಗಳನ್ನು ಕೂಡಿಸಿ ಹುಟ್ಟಿಸಿದ ಮೊದಲ ಪೀಳಿಗೆ. ಇದರ ಹೆಣ್ಣುಗಳಿಗೆ ಐದಾರು ತಿಂಗಳಿಗೆ ಮೂತ್ರಪಿಂಡ ಕೆಡಲು ಶುರುವಾಗುತ್ತದೆ, ಹೆಚ್ಚಿನವು ವರ್ಷ ತುಂಬುವುದರೊಳಗೆ ಸಾಯುತ್ತವೆ. ಗಂಡುಗಳಿಗೂ ಅದೇ ಕಾಯಿಲೆ ಬರುತ್ತದೆ, ಆದರೆ ಎಷ್ಟೋ ತಿಂಗಳು ತಡವಾಗಿ. ಗಂಡಿನ ಬೀಜ ತೆಗೆದರೆ ಕಾಯಿಲೆ ಬೇಗ ಬರುತ್ತದೆ. ಹೆಣ್ಣಿಗೆ ಗಂಡು ಹಾರ್ಮೋನು ಕೊಟ್ಟರೆ ತಡವಾಗುತ್ತದೆ. ಇದು 1970ರ ದಶಕದಲ್ಲೇ ಗೊತ್ತಾದ ಸಂಗತಿ.

ಸಕ್ಕರೆ ಕಾಯಿಲೆಗೆ ಎನ್‌ಒಡಿ ತಳಿ. ಜಪಾನಿನಲ್ಲಿ ಬೆಳೆಸಿ 1980ರಲ್ಲಿ ಜಗತ್ತಿಗೆ ತಿಳಿಸಿದ್ದು. ಇಲ್ಲೂ ಹೆಣ್ಣಿಗೇ ಜಾಸ್ತಿ. 30 ವಾರದ ಹೊತ್ತಿಗೆ ಬಹಳಷ್ಟು ಕಾಲೊನಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೆಣ್ಣುಗಳಿಗೆ ಸಕ್ಕರೆ ಏರಿರುತ್ತದೆ, ಗಂಡುಗಳಲ್ಲಿ ಅದರ ಅರ್ಧವೂ ಇರುವುದಿಲ್ಲ. ಒಂದು ಮಾತು ನೆನಪಿರಲಿ, ಮನುಷ್ಯರ ಟೈಪ್ 1 ಮಧುಮೇಹದಲ್ಲಿ ಗಂಡು ಹೆಣ್ಣು ಹೆಚ್ಚುಕಡಿಮೆ ಸಮ. ಎನ್‌ಒಡಿ ಇಲಿ ನಮ್ಮ ಕನ್ನಡಿ ಅಲ್ಲ. ಇದರ ಇನ್ನೊಂದು ಚೋದ್ಯ ಅಂದರೆ ಇಲಿಮನೆ ಚೊಕ್ಕಟ ಇದ್ದಷ್ಟೂ ಕಾಯಿಲೆ ಜಾಸ್ತಿ. ನಮ್ಮ ಮನೆಯಲ್ಲಿ ಸಾಕಿದ್ದರೆ ಬಹುಶಃ ಒಂದಕ್ಕೂ ಸಕ್ಕರೆ ಬರುತ್ತಿರಲಿಲ್ಲ!

ಇನ್ನು ತಿರುಗುಮುರುಗು ತಳಿ ಬಿಎಕ್ಸ್‌ಎಸ್‌ಬಿ. ಇದರಲ್ಲಿ ಗಂಡಿಗೇ ಲೂಪಸ್ ಜೋರು. ಕಾರಣ ಹಾರ್ಮೋನಲ್ಲ. ಎಕ್ಸ್ ಕ್ರೋಮೋಸೋಮಿನ ಒಂದು ತುಂಡು ವೈ ಕ್ರೋಮೋಸೋಮಿಗೆ ಅಂಟಿಕೊಂಡು ಬಂದಿದೆ, ಆ ತುಂಡಿನಲ್ಲಿ ರಕ್ಷಣಾ ವ್ಯವಸ್ಥೆಯನ್ನು ಎಬ್ಬಿಸುವ ಟಿಎಲ್‌ಆರ್7 ಅನ್ನುವ ಜೀನ್ ಇದೆ. ಹಾಗಾಗಿ ಗಂಡಿಗೆ ಈ ಜೀನ್ ಒಂದರ ಬದಲು ಎರಡು. 2006ರಲ್ಲಿ ಇದು ಬಯಲಾಯಿತು. ಕೊಲಾಜೆನ್ ಚುಚ್ಚಿ ಸಂಧಿವಾತ ತರಿಸುವ ಪ್ರಯೋಗಕ್ಕೆ ಡಿಬಿಎ/1 ತಳಿಯ ಗಂಡುಗಳನ್ನು ಬಳಸುವುದೇ ರೂಢಿ. ಮೆದುಳು, ಬೆನ್ನುಹುರಿಯ ಕಾಯಿಲೆಗೆ (ಮನುಷ್ಯರ ಮಲ್ಟಿಪಲ್ ಸ್ಕ್ಲೆರೋಸಿಸ್ ತರಹದ್ದು) ಎಸ್‌ಜೆಎಲ್ ತಳಿಯಲ್ಲಿ ಹೆಣ್ಣು ಗಂಡಿನ ವ್ಯತ್ಯಾಸ ಎದ್ದು ಕಾಣುತ್ತದೆ, ಸಿ57 ಬ್ಲಾಕ್ 6ರಲ್ಲಿ ಅಷ್ಟಾಗಿ ಕಾಣುವುದಿಲ್ಲ.

ನಮ್ಮಂಥ ಕಡೆ ಸಲೀಸಾಗಿ ಸಿಗುವುದು ಸ್ವಿಸ್ ಆಲ್ಬಿನೋ, ಬಾಲ್ಬ್ ಸಿ, ಬ್ಲಾಕ್ 6. ಕೈಯಲ್ಲಿ ದುಡ್ಡೂ ಸಮಯವೂ ಕಡಿಮೆ ಇದ್ದರೆ ಬಾಲ್ಬ್ ಸಿ ಇಲಿಯ ಹೊಟ್ಟೆಗೆ ಪ್ರಿಸ್ಟೇನ್ ಎಣ್ಣೆ ಕೊಟ್ಟು ಲೂಪಸ್ ತರಹದ ಸ್ಥಿತಿ ತರಿಸುವ ದಾರಿ ಒಳ್ಳೆಯದು. ರೂಢಿಯ ಪ್ರಮಾಣ ಒಂದೇ ಸಲ ಅರ್ಧ ಎಂಎಲ್. ಆದರೆ ತಿಂಗಳುಗಟ್ಟಲೆ ಕಾಯಬೇಕು. ಒಂದು ಸೆಮಿಸ್ಟರಿನಲ್ಲಿ ಮುಗಿಯುವ ಕೆಲಸ ಅಲ್ಲ.

ಬಿ ಫಾರಂ ಮತ್ತು ಲೆಕ್ಕ

ಇದು ಚುನಾವಣೆಯ ಬಿ ಫಾರಂ ಅಲ್ಲ, ಆದರೆ ಸಿಗುವುದು ಅಷ್ಟೇ ಕಷ್ಟ. ಪ್ರಾಣಿ ನೈತಿಕ ಸಮಿತಿಗೆ ಕೊಡುವ ಅರ್ಜಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ, ಅದರ ಕೆಳಗಿನ 1998ರ ನಿಯಮ, ಇವೆರಡರ ಪ್ರಕಾರ ಸಮಿತಿ ಒಪ್ಪದೆ ಒಂದು ಇಲಿಯನ್ನೂ ಮುಟ್ಟುವಂತಿಲ್ಲ. ಅರ್ಜಿಯಲ್ಲಿ ಹುಡುಗರು ಎಡವುವುದು ಸಂಖ್ಯೆಯಲ್ಲಿ. "ಎರಡೂ ಲಿಂಗ ಬೇಕು, ಹಾಗಾಗಿ ಇಲಿ ಡಬಲ್ ಬೇಕು" ಅಂತ ಬರೆದುಬಿಡುತ್ತಾರೆ. ಬೇಕಿಲ್ಲ. ಔಷಧ ಕೊಟ್ಟದ್ದು 12, ಕೊಡದ್ದು (ಕಂಟ್ರೋಲ್) 12 ಅಂತಿದ್ದರೆ ಎರಡರಲ್ಲೂ 6 ಗಂಡು 6 ಹೆಣ್ಣು ಹಾಕಿ. ಒಟ್ಟು 24 ಹಾಗೇ ಉಳಿಯಿತು. ಔಷಧದ ಒಟ್ಟಾರೆ ಪರಿಣಾಮ ಇದರಲ್ಲೇ ಕಾಣುತ್ತದೆ. ಔಷಧ ಗಂಡಿಗೊಂದು ತರಹ ಹೆಣ್ಣಿಗೊಂದು ತರಹ ಕೆಲಸ ಮಾಡುತ್ತದೆ ಅಂತಲೇ ತೋರಿಸಬೇಕಿದ್ದರೆ ಮಾತ್ರ ಸಂಖ್ಯೆ ಚೆನ್ನಾಗಿ ಏರಬೇಕು. ಆ ಪ್ರಶ್ನೆಯೇ ನಿಮ್ಮದಾ ಅಂತ ಮೊದಲು ಗಟ್ಟಿ ಮಾಡಿಕೊಳ್ಳಿ.

ಬಾಲ ಎತ್ತಿ ನೋಡುವುದು

ಲಿಂಗ ಗುರುತಿಸುವುದು ಏನು ಮಹಾ ಅನ್ನಬೇಡಿ. ದೊಡ್ಡ ಇಲಿಯಲ್ಲಿ ಸುಲಭ, ಮರಿಯಲ್ಲಿ ಅಲ್ಲ. ಮರಿಯನ್ನು ಅಂಗೈ ಮೇಲಿಟ್ಟು ಬಾಲದ ಬುಡ ಹಿಡಿದು ಮೆಲ್ಲಗೆ ಎತ್ತಿ. ಮೂತ್ರ ಬರುವ ಉಬ್ಬಿಗೂ ಗುದಕ್ಕೂ ನಡುವಿನ ಅಂತರ ನೋಡಿ. ಗಂಡಿನಲ್ಲಿ ಇದು ಹೆಣ್ಣಿನದರ ಸುಮಾರು ಎರಡರಷ್ಟು. ಒಂದೇ ಮರಿ ನೋಡಿದರೆ ಗೊತ್ತಾಗುವುದಿಲ್ಲ, ಒಂದೇ ಸೂಲಿನ ಎರಡನ್ನು ಪಕ್ಕಪಕ್ಕ ಹಿಡಿಯಬೇಕು. ಇನ್ನೊಂದು ಗುರುತು ಅಂದರೆ ಒಂಬತ್ತು ಹತ್ತನೇ ದಿನಕ್ಕೆ ಹೆಣ್ಣುಮರಿಗಳ ಹೊಟ್ಟೆ ಮೇಲೆ ಮೊಲೆಯ ಚುಕ್ಕೆಗಳ ಸಾಲು ಕಾಣುತ್ತದೆ. ಕೂದಲು ದಟ್ಟವಾದ ಮೇಲೆ ಅದು ಮುಚ್ಚಿಹೋಗುತ್ತದೆ. ಬೀಜ ಕಾಣಲಿಲ್ಲ ಅಂತ ಹೆಣ್ಣು ಅಂದುಕೊಳ್ಳಬೇಡಿ. ಗಂಡಿಲಿ ಹೆದರಿದರೆ ಬೀಜವನ್ನು ಹೊಟ್ಟೆಯೊಳಗೆ ಎಳೆದುಕೊಂಡುಬಿಡುತ್ತದೆ.

ನಾನು ಸೇರಿದ ಎರಡನೇ ವರ್ಷ, ಐದು "ಹೆಣ್ಣು"ಗಳ ಒಂದು ಕೇಜ್. ಒಂದು ಬೆಳಿಗ್ಗೆ ಕೇಜ್ ತೊಳೆಯುವ ಅಣ್ಣ ಬಾಗಿಲಲ್ಲೇ ನಿಂತು ಕೂಗಿದ: "ಅಕ್ಕಾ, ನಿಮ್ಮ ಕಂಟ್ರೋಲ್ ಗ್ರೂಪು ಬಾಣಂತಿ ಆಗಿದೆ ಮಾರಾಯ್ರೆ!" ಹೊಟ್ಟಿನ ಮಧ್ಯೆ ಎಂಟು ಗುಲಾಬಿ ಮರಿ. ಆ ಐದರಲ್ಲಿ ಒಂದು ಗಂಡು. ಗುರುತಿಸಿದ್ದು ನಾನೇ. ಆಮೇಲಿಂದ ನಮ್ಮಲ್ಲಿ ಮೂರು ಸಲ ನೋಡುತ್ತೇವೆ: 21ನೇ ದಿನ ತಾಯಿಯಿಂದ ಬಿಡಿಸುವಾಗ, ಐದನೇ ವಾರದಲ್ಲಿ, ಕೊನೆಗೆ ಕತ್ತರಿಸಿ ನೋಡುವಾಗ ಅಂಡಾಶಯ ಇದೆಯೋ ಬೀಜ ಇದೆಯೋ ಅಂತ.

ಗಂಡುಗಳ ವಿಷಯದಲ್ಲಿ ಇನ್ನೊಂದು. ಬೇರೆ ಬೇರೆ ಸೂಲಿನ ದೊಡ್ಡ ಗಂಡುಗಳನ್ನು ಒಂದೇ ಕೇಜಿಗೆ ಹಾಕಬೇಡಿ, ಬೆಳಗಾಗುವುದರಲ್ಲಿ ಬೆನ್ನು ಬಾಲ ಕಚ್ಚಿ ಹರಿದಿರುತ್ತವೆ. ಗಾಯ, ಸೋತ ಇಲಿಯ ಭಯ, ಎರಡೂ ರೋಗನಿರೋಧಕ ಶಕ್ತಿಯನ್ನು ಅಲ್ಲಾಡಿಸುತ್ತವೆ. ಒಂದೇ ಸೂಲಿನ ಗಂಡುಮರಿಗಳನ್ನು ಬಿಡಿಸಿದ ದಿನದಿಂದಲೇ ಒಟ್ಟಿಗೆ ಇಡಿ, ಮಧ್ಯೆ ಯಾರನ್ನೂ ಸೇರಿಸಬೇಡಿ. ಕೇಜ್ ಬದಲಿಸುವಾಗ ಗೂಡು ಮಾಡಿದ ಕಾಗದದ ಚೂರನ್ನು ಹೊಸ ಕೇಜಿಗೆ ಹಾಕಿದರೆ ಜಗಳ ಕಡಿಮೆ. ಉಚ್ಚೆ ಬಿದ್ದ ಹೊಟ್ಟು ಹಾಕಿದರೆ ಜಗಳ ಜಾಸ್ತಿ.

ಹೊಟ್ಟು, ಮೇವು, ಜುಲೈ ತಿಂಗಳು

ಈಗ ನಮ್ಮೂರಿನ ತಾಪತ್ರಯಕ್ಕೆ ಬರುತ್ತೇನೆ. ಪುಸ್ತಕದಲ್ಲಿ 22 ಡಿಗ್ರಿ, ತೇವಾಂಶ 30ರಿಂದ 70 ಪರ್ಸೆಂಟ್ ಅಂತ ಬರೆದಿರುತ್ತದೆ. ಅದನ್ನು ಬರೆದವರು ಜುಲೈನಲ್ಲಿ ತೀರ್ಥಹಳ್ಳಿ ಕಡೆ ಬಂದಿಲ್ಲ. ಇಲ್ಲಿ ಗೋಡೆಗೇ ಪಾಚಿ ಹಿಡಿಯುತ್ತದೆ, ಬೀರುವಿನಲ್ಲಿಟ್ಟ ಚಪ್ಪಲಿಗೆ ಬೂಸು ಬರುತ್ತದೆ. ಹಾಸಿಗೆ ನಾವು ಬಳಸುವುದು ರೈಸ್ ಮಿಲ್ಲಿನ ಭತ್ತದ ಹೊಟ್ಟು. ಒಂದು ಮಳೆಗಾಲ ಮೂಟೆ ಬಿಚ್ಚಿದಾಗ ಘಾಟು ಬಂತು, ಬಿಸಿಲಿಲ್ಲ, ಒಣಗಿಸಲಾಗಲಿಲ್ಲ, ಹಾಗೇ ಹಾಕಿದೆವು. ಮೂರು ವಾರದಲ್ಲಿ ಅರ್ಧ ಇಲಿಗಳು ಸೀನುತ್ತಿದ್ದವು. ಆ ಸಲದ ಆಂಟಿಬಾಡಿ ಅಳತೆಯೆಲ್ಲ ತಿಪ್ಪೆಗೆ. ಈಗ ಮೇ ತಿಂಗಳಲ್ಲೇ ಮಳೆಗಾಲಕ್ಕೆ ಬೇಕಾದಷ್ಟು ಹೊಟ್ಟು ತಂದು, ಒಣಗಿಸಿ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮುಚ್ಚಿಡುತ್ತೇವೆ. ಬಳಸುವ ಮುಂಚೆ ಆಟೋಕ್ಲೇವ್, ಅಂದರೆ ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವುದು. ಕೋಣೆಯಲ್ಲಿ ಡಿಹ್ಯುಮಿಡಿಫೈಯರ್. ಕರೆಂಟ್ ಹೋದಾಗ ದೀಪದ ಟೈಮರ್ ಕೈಕೊಡದ ಹಾಗೆ ಅದಕ್ಕೊಂದು ಸಣ್ಣ ಯುಪಿಎಸ್. ಹನ್ನೆರಡು ಗಂಟೆ ಬೆಳಕು ಹನ್ನೆರಡು ಗಂಟೆ ಕತ್ತಲು ಅನ್ನುವುದು ತಪ್ಪಿದರೆ ಹೆಣ್ಣಿನ ಋತುಚಕ್ರವೇ ತಪ್ಪುತ್ತದೆ.

ಮಳೆಗಾಲದಲ್ಲಿ ಕಾಡಿನ ಇಲಿ, ಹೆಗ್ಗಣ ಒಳಗೆ ನುಗ್ಗುತ್ತವೆ. ಒಂದು ಬಂದರೂ ಹುಳ, ವೈರಸ್ಸು ಜೊತೆಗೆ ಬರುತ್ತದೆ. ಆಮೇಲೆ ನೀವು ಅಳೆಯುವುದು ಆಟೋಇಮ್ಯೂನಿಟಿಯನ್ನಲ್ಲ, ಸೋಂಕನ್ನು. ಮಲೆನಾಡಿಗೆ ಬಿಳಿ ಇಲಿಯ ಋಣ ಹಳೆಯದು, ಮಂಗನ ಕಾಯಿಲೆಯ ವೈರಸ್ಸನ್ನು 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಕಡೆಯ ಮಾದರಿಗಳಿಂದ ಬೇರ್ಪಡಿಸಿದ್ದೂ ಬಿಳಿ ಇಲಿಯಲ್ಲೇ. ಆದರೆ ಹೊರಗಿನ ಇಲಿಗೂ ಒಳಗಿನ ಇಲಿಗೂ ಸಂಬಂಧ ಬೆಳೆಯಬಾರದು. ಬಾಗಿಲ ಕೆಳಗೆ ತಗಡು ಹೊಡೆಸಿ.

ಹಾಸಿಗೆ ಜೋಳದ ದಿಂಡಿನ ಪುಡಿ ತರಿಸೋಣ, ಚೊಕ್ಕಟ ಅಂತ ಕೆಲವರು ಹೇಳುತ್ತಾರೆ. ಬೇರೆ ಪ್ರಯೋಗಕ್ಕೆ ಸರಿ, ಗಂಡು ಹೆಣ್ಣಿನ ಹೋಲಿಕೆಗೆ ಬೇಡ. ಅದರಲ್ಲಿ ಹಾರ್ಮೋನಿನ ಕೆಲಸಕ್ಕೆ ಅಡ್ಡ ಬರುವ ಪದಾರ್ಥ ಇದೆ ಅಂತ 2002ರಲ್ಲೇ ತೋರಿಸಿದ್ದಾರೆ. ಮೇವಿನಲ್ಲೂ ಅದೇ ಕಥೆ. ಸೋಯಾ ಹಾಕಿದ ಮೇವಿನಲ್ಲಿ ಹೆಣ್ಣು ಹಾರ್ಮೋನು ಈಸ್ಟ್ರೋಜನ್ ತರಹ ವರ್ತಿಸುವ ಸಸ್ಯದ ಅಂಶಗಳಿರುತ್ತವೆ. ಮಧ್ಯದಲ್ಲಿ ಮೇವಿನ ಕಂಪನಿ ಬದಲಿಸಬೇಡಿ, ಚೀಲದ ಮೇಲಿನ ಬ್ಯಾಚ್ ನಂಬರ್ ಬರೆದಿಡಿ. ಕೇಜ್ ತೊಳೆಯುವ ಸೋಪಿನ ಮೇಲೂ ಕಣ್ಣಿರಲಿ. 1998ರಲ್ಲಿ ಅಮೆರಿಕದ ಪೆಟ್ರೀಷಿಯಾ ಹಂಟ್ ಅವರ ಪ್ರಯೋಗಾಲಯದಲ್ಲಿ ಯಾರೋ ನೆಲ ಒರೆಸುವ ಕ್ಷಾರದ ಸೋಪಿನಲ್ಲಿ ಪಾಲಿಕಾರ್ಬೊನೇಟ್ ಕೇಜ್ ತೊಳೆದುಬಿಟ್ಟರು. ಪ್ಲಾಸ್ಟಿಕ್ ಕರಗಿ ಬಿಸ್ಫಿನಾಲ್ ಎ ಹೊರಬಂತು, ಇಲಿಗಳ ಅಂಡಾಣುಗಳೇ ಕೆಟ್ಟವು. ಅದೂ ಈಸ್ಟ್ರೋಜನ್ ವೇಷ ಹಾಕುವ ಪದಾರ್ಥ. ಮಬ್ಬಾದ, ಬಿರುಕು ಬಿಟ್ಟ ಕೇಜನ್ನು "ಇನ್ನೊಂದು ವರ್ಷ ಬರುತ್ತೆ" ಅಂತ ಇಟ್ಟುಕೊಳ್ಳಬೇಡಿ.

ಯಾರ ಕೈ, ಯಾವ ಇಲಿ

ಈ ಒಂದು ವಿಷಯಕ್ಕೆ ನಾನು ತಲೆ ಚಚ್ಚಿಕೊಂಡಷ್ಟು ಯಾವುದಕ್ಕೂ ಚಚ್ಚಿಕೊಂಡಿಲ್ಲ. ಕೆಲವು ವರ್ಷದ ಹಿಂದೆ ಇಬ್ಬರು ಜೊತೆಯಾಗಿ ಪ್ರಾಜೆಕ್ಟ್ ಮಾಡುತ್ತಿದ್ದರು, ಒಬ್ಬ ಹುಡುಗ, ಒಬ್ಬಳು ಹುಡುಗಿ. ಗಂಡಿಲಿ ಕಚ್ಚುತ್ತದೆ ಅಂತ ಹುಡುಗ ಗಂಡುಗಳನ್ನು ವಹಿಸಿಕೊಂಡ. ಹೆಣ್ಣಿಲಿ ಸಾಧು ಅಂತ ಹುಡುಗಿ ಹೆಣ್ಣುಗಳನ್ನು ತೆಗೆದುಕೊಂಡಳು. ಅವನು ಬೆಳಿಗ್ಗೆ ಬರುತ್ತಿದ್ದ, ಅವಳಿಗೆ ಸಾಗರದಿಂದ ಬಸ್ಸು, ಬರುವಷ್ಟರಲ್ಲಿ ಮಧ್ಯಾಹ್ನ. ಆರು ತಿಂಗಳು ಇಬ್ಬರೂ ಒಂದು ದಿನ ತಪ್ಪಿಸಲಿಲ್ಲ. ಕೊನೆಗೆ ಗ್ರಾಫ್ ಚೆನ್ನಾಗಿ ಬಂತು, ಗಂಡು ಹೆಣ್ಣಿನ ನಡುವೆ ದೊಡ್ಡ ಅಂತರ. ನಾನು ಕೇಳಿದೆ, ಇದು ಗಂಡಿಲಿ ಹೆಣ್ಣಿಲಿಯ ವ್ಯತ್ಯಾಸವಾ, ಬೆಳಿಗ್ಗೆ ಮಧ್ಯಾಹ್ನದ ವ್ಯತ್ಯಾಸವಾ, ನಿಮ್ಮಿಬ್ಬರ ಕೈಯ ವ್ಯತ್ಯಾಸವಾ? ಇಬ್ಬರೂ ಮುಖ ಮುಖ ನೋಡಿಕೊಂಡರು. ಬಿಡಿಸಿ ಹೇಳಲು ದಾರಿಯೇ ಇರಲಿಲ್ಲ.

ಇದು ನನ್ನ ಬರೀ ಅನುಮಾನ ಅಲ್ಲ. 2014ರಲ್ಲಿ ಕೆನಡಾದ ಪ್ರಯೋಗಾಲಯವೊಂದು ತೋರಿಸಿದ ಹಾಗೆ, ಗಂಡಸರ ವಾಸನೆಗೇ ಇಲಿಗಳು ಒತ್ತಡಕ್ಕೆ ಬೀಳುತ್ತವೆ. ಗಂಡಸರು ಹಾಕಿ ಬಿಟ್ಟ ಟೀಶರ್ಟ್ ಹತ್ತಿರ ಇಟ್ಟರೂ ಸಾಕು. ಒತ್ತಡದ ಹಾರ್ಮೋನು ಏರಿದರೆ ರೋಗನಿರೋಧಕ ಪ್ರತಿಕ್ರಿಯೆ ತಗ್ಗುತ್ತದೆ. ಹಾಗಂತ ಹುಡುಗರನ್ನು ಹೊರಗೆ ಹಾಕಿ ಅಂತಲ್ಲ. ಇಬ್ಬರಿದ್ದರೆ ಇಬ್ಬರೂ ಎರಡೂ ಲಿಂಗವನ್ನು ಸಮಸಮ ಹಿಡಿಯಿರಿ. ಒಂದು ಗಂಡು ಕೇಜ್, ಒಂದು ಹೆಣ್ಣು ಕೇಜ್, ಮತ್ತೆ ಗಂಡು, ಹೀಗೆ ಹೋಗಿ. ರ‍್ಯಾಕಿನ ಮೇಲಿನ ಸಾಲೆಲ್ಲ ಗಂಡು, ಕೆಳಗಿನ ಸಾಲೆಲ್ಲ ಹೆಣ್ಣು ಅಂತಲೂ ಇಡಬೇಡಿ. ಮೇಲೆ ಬೆಳಕು ಜಾಸ್ತಿ.

ಹೆಣ್ಣಿನ ಚಕ್ರ: ನೋಡಬೇಕಾ, ಬೇಡವಾ

"ಹೆಣ್ಣಿಲಿಗೆ ನಾಲ್ಕೈದು ದಿನಕ್ಕೊಮ್ಮೆ ಚಕ್ರ, ಅಳತೆ ಏರುಪೇರಾಗುತ್ತದೆ, ಗಂಡೇ ವಾಸಿ" ಅಂತ ನಮ್ಮ ಕಾಲದಲ್ಲಿ ಕಲಿಸುತ್ತಿದ್ದರು. 2014ರಲ್ಲಿ 293 ಲೇಖನಗಳನ್ನು ಒಟ್ಟಿಗೆ ಹಾಕಿ ನೋಡಿದಾಗ ಗೊತ್ತಾಗಿದ್ದು, ಹೆಣ್ಣಿಲಿಗಳ ಅಳತೆ ಗಂಡಿಲಿಗಳದಕ್ಕಿಂತ ಹೆಚ್ಚೇನೂ ಚೆಲ್ಲಾಪಿಲ್ಲಿ ಅಲ್ಲ. ಹಾಗಾಗಿ ಎಲ್ಲರೂ ದಿನಾ ಚಕ್ರ ನೋಡಲೇಬೇಕು ಅಂತಿಲ್ಲ. ನಿಮ್ಮ ಪ್ರಶ್ನೆಯೇ ಈಸ್ಟ್ರೋಜನ್ ಬಗ್ಗೆ ಇದ್ದರೆ ಮಾತ್ರ ನೋಡಿ.

ನೋಡುವುದು ಹೀಗೆ. ದಿನಾ ಒಂದೇ ಹೊತ್ತಿಗೆ, ಪಿಪೆಟ್ಟಿನಲ್ಲಿ 10ರಿಂದ 20 ಮೈಕ್ರೋಲೀಟರ್ ಸಲೈನ್ ತೆಗೆದುಕೊಳ್ಳಿ. ಇಲಿ ಕೇಜಿನ ಗ್ರಿಲ್ ಹಿಡಿದುಕೊಂಡು ನಿಲ್ಲಲಿ, ನೀವು ಬಾಲ ಎತ್ತಿ. ತುದಿಯನ್ನು ಯೋನಿಯ ಬಾಯಿಗೆ ತಾಗಿಸಿ ಅಷ್ಟೇ, ಒಳಗೆ ತೂರಿಸಬೇಡಿ. ಎರಡು ಮೂರು ಸಲ ಒತ್ತಿ, ಎಳೆದುಕೊಂಡು, ಸ್ಲೈಡಿನ ಮೇಲೆ ಬಿಡಿ. ಒಣಗಿದ ಮೇಲೆ ಮೆಥಿಲೀನ್ ಬ್ಲೂ ಬಣ್ಣ ಹಾಕಿ ನೋಡಿ. ಚಕ್ರದ ನಾಲ್ಕು ಹಂತಗಳ ಗುರುತು ಹೀಗೆ. ಸಾಸಿವೆ ಚೆಲ್ಲಿದ ಹಾಗೆ ಚಿಕ್ಕ ಬಿಳಿ ರಕ್ತಕಣಗಳೇ ತುಂಬಿದ್ದರೆ ಡೈಈಸ್ಟ್ರಸ್. ನಡುವೆ ನ್ಯೂಕ್ಲಿಯಸ್ ಇರುವ ದುಂಡು ಕೋಶಗಳು ಗುಂಪುಗುಂಪಾಗಿದ್ದರೆ ಪ್ರೋಈಸ್ಟ್ರಸ್. ತೆಳು ಅವಲಕ್ಕಿ ಹರಡಿದ ಹಾಗೆ ಚಪ್ಪಟೆ, ಅಂಚು ಮಡಚಿದ, ನ್ಯೂಕ್ಲಿಯಸ್ ಇಲ್ಲದ ಕೋಶಗಳಿದ್ದರೆ ಈಸ್ಟ್ರಸ್. ಅವಲಕ್ಕಿಗೆ ಸಾಸಿವೆ ಒಗ್ಗರಣೆ ಬಿದ್ದಂತಿದ್ದರೆ ಮೆಟಈಸ್ಟ್ರಸ್. ಇಷ್ಟು ಹೇಳಿಕೊಟ್ಟರೆ ನಮ್ಮ ಹುಡುಗಿಯರು ಒಂದು ವಾರದಲ್ಲಿ ಕಲಿಯುತ್ತಾರೆ. ಹೆಣ್ಣಿಗೆ ದಿನಾ ಈ ಕಿರಿಕಿರಿ ಕೊಟ್ಟು ಗಂಡನ್ನು ಆರಾಮಾಗಿ ಬಿಟ್ಟರೆ ಮತ್ತೆ ಹೋಲಿಕೆ ಕೆಟ್ಟಿತು. ಗಂಡನ್ನೂ ಅಷ್ಟೇ ಹೊತ್ತು ಎತ್ತಿ, ಪಿಪೆಟ್ ತಾಗಿಸಿ, ಬಿಡಿ.

ಬರೀ ಹೆಣ್ಣುಗಳನ್ನೇ ಕಿಕ್ಕಿರಿಸಿ ಇಟ್ಟರೆ ಚಕ್ರ ನಿಧಾನವಾಗುತ್ತದೆ, ನಿಂತೂ ಹೋಗುತ್ತದೆ. ಗಂಡಿನ ಉಚ್ಚೆಯ ವಾಸನೆ ಬಿದ್ದರೆ ಮೂರು ದಿನದಲ್ಲಿ ಬಹಳಷ್ಟು ಹೆಣ್ಣುಗಳು ಒಟ್ಟಿಗೆ ಬೆದೆಗೆ ಬರುತ್ತವೆ. ಮೊದಲನೆಯದಕ್ಕೆ ಲೀ-ಬೂಟ್ ಪರಿಣಾಮ, ಎರಡನೆಯದಕ್ಕೆ ವಿಟ್ಟನ್ ಪರಿಣಾಮ ಅನ್ನುತ್ತಾರೆ. ಇದು ನಿಜವಾಗಿ ಕಾಡುವುದು ಕರುಳಿನ ಬ್ಯಾಕ್ಟೀರಿಯಾ ಸಮ ಮಾಡಲು ಹೋದಾಗ. 2013ರಲ್ಲಿ ಎನ್‌ಒಡಿ ತಳಿಯಲ್ಲಿ ಗಂಡಿನ ಕರುಳಿನ ಬ್ಯಾಕ್ಟೀರಿಯಾವನ್ನು ಎಳೆ ಹೆಣ್ಣುಗಳಿಗೆ ಕೊಟ್ಟಾಗ ಅವುಗಳ ಗಂಡು ಹಾರ್ಮೋನು ಟೆಸ್ಟೊಸ್ಟೆರೋನ್ ಏರಿತು, ಸಕ್ಕರೆ ಕಾಯಿಲೆ ತಗ್ಗಿತು. ಅಂದರೆ ಗಂಡು ಹೆಣ್ಣಿನ ವ್ಯತ್ಯಾಸದ ಒಂದು ಪಾಲು ಕರುಳಿನಲ್ಲಿದೆ. ಇದನ್ನು ಓದಿದವರು ಎರಡೂ ಲಿಂಗದ ಹಳೆ ಹೊಟ್ಟನ್ನು ಕಲಸಿ ಎಲ್ಲ ಕೇಜಿಗೂ ಹಂಚುತ್ತಾರೆ. ಬ್ಯಾಕ್ಟೀರಿಯಾ ಸಮ ಆಗಬಹುದು, ಆದರೆ ಹೊಟ್ಟಿನ ಜೊತೆ ಗಂಡಿನ ವಾಸನೆಯೂ ಹೆಣ್ಣಿನ ಕೇಜಿಗೆ ಹೋಗುತ್ತದೆ. ಅತ್ತ ದರಿ ಇತ್ತ ಪುಲಿ. ನನ್ನ ಪ್ರಕಾರ ಪ್ರಯೋಗ ಶುರುವಾಗುವ ಮುಂಚೆ ಮೂರು ವಾರ ಕಲಸಿ, ಆಮೇಲೆ ನಿಲ್ಲಿಸಿ.

ಉಚ್ಚೆ ಪಟ್ಟಿಯ ಮೋಸ

ಲೂಪಸ್ ಅಂದ ಮೇಲೆ ಮೂತ್ರದಲ್ಲಿ ಪ್ರೋಟೀನ್ ನೋಡಬೇಕು. ಮೆಡಿಕಲ್ ಶಾಪಿನಲ್ಲಿ ಸಿಗುವ ಪಟ್ಟಿ ಅಗ್ಗ, ಸುಲಭ. ಪ್ರೋಟೀನ್ ಇದ್ದರೆ ಹಳದಿಯಿಂದ ಹಸಿರಿಗೆ ತಿರುಗುತ್ತದೆ. ಇಲಿಯನ್ನು ಎತ್ತಿದರೆ ಭಯಕ್ಕೆ ಅದೇ ಎರಡು ಹನಿ ಕೊಡುತ್ತದೆ. ನಮ್ಮ ಮೊದಲ ಲೂಪಸ್ ಪ್ರಯೋಗದಲ್ಲಿ ಗಂಡುಗಳ ಪಟ್ಟಿಯೆಲ್ಲ ಹಸಿರು, ಹೆಣ್ಣುಗಳದ್ದು ಹಳದಿ. "ಮೇಡಂ, ಉಲ್ಟಾ ಬಂದಿದೆ, ಗಂಡಿಗೇ ಕಾಯಿಲೆ!" ಅಂತ ಹುಡುಗ ಕುಣಿದಾಡಿದ. ನಾನೂ ಒಂದು ದಿನ ನಂಬಿದೆ. ಮಾರನೇ ದಿನ ಯಾವ ಕಾಯಿಲೆಯೂ ಇಲ್ಲದ, ಸಂತಾನಕ್ಕೆ ಇಟ್ಟ ಗಂಡಿನ ಉಚ್ಚೆ ಹಾಕಿ ನೋಡಿದೆ. ಅದೂ ಹಸಿರು.

ಗಂಡಿಲಿ ತನ್ನ ಗಡಿ ಗುರುತು ಹಾಕುವುದೇ ಉಚ್ಚೆಯಿಂದ. ಅದಕ್ಕೆಂದೇ ಯಕೃತ್ತು ಒಂದು ಬಗೆಯ ಸಣ್ಣ ಪ್ರೋಟೀನನ್ನು ತಯಾರಿಸಿ ಮೂತ್ರಕ್ಕೆ ಬಿಡುತ್ತದೆ, ಅದು ವಾಸನೆಯನ್ನು ಹಿಡಿದಿಟ್ಟುಕೊಂಡು ಮೆಲ್ಲಗೆ ಬಿಡುಗಡೆ ಮಾಡುತ್ತದೆ. ಹೆಣ್ಣಿನಲ್ಲೂ ಇದೆ, ಗಂಡಿನಲ್ಲಿ ಜಾಸ್ತಿ. ಆರೋಗ್ಯವಂತ ಗಂಡಿಲಿಗೂ ಪಟ್ಟಿ ಒಂದೆರಡು ಪ್ಲಸ್ ತೋರಿಸುತ್ತದೆ. ಹಾಗಾಗಿ ಪಟ್ಟಿಯನ್ನು ಗಂಡನ್ನು ಗಂಡಿನ ಜೊತೆ, ಹೆಣ್ಣನ್ನು ಹೆಣ್ಣಿನ ಜೊತೆ ಹೋಲಿಸಲು ಮಾತ್ರ ಬಳಸಿ. ಗಂಡು ಹೆಣ್ಣನ್ನು ಹೋಲಿಸಬೇಕಿದ್ದರೆ ಕಿಡ್ನಿ ಕೆಟ್ಟಾಗ ಸೋರುವ ಇಲಿಯ ಆಲ್ಬುಮಿನ್ನನ್ನೇ ಎಲೈಸಾದಲ್ಲಿ (ಆಂಟಿಬಾಡಿ ಬಳಸಿ ಪ್ರೋಟೀನ್ ಅಳೆಯುವ ಪರೀಕ್ಷೆ) ಅಳೆದು, ಮೂತ್ರ ಎಷ್ಟು ಗಟ್ಟಿ ಅಂತ ತಿಳಿಸುವ ಕ್ರಿಯಾಟಿನಿನ್‌ನಿಂದ ಭಾಗಿಸಿ. ದುಡ್ಡು ಹೋಗುತ್ತದೆ, ಮಾನ ಉಳಿಯುತ್ತದೆ. ಕೊನೆಯಲ್ಲಿ ಕಿಡ್ನಿಯ ಸೀಳು ನೋಡುವುದಂತೂ ಬಿಡಲೇಬಾರದು.

ಹಾರ್ಮೋನೋ, ಕ್ರೋಮೋಸೋಮೋ

ವ್ಯತ್ಯಾಸ ನಿಜ ಅಂತಾದ ಮೇಲೆ ಯಾಕೆ ಅನ್ನುವ ಪ್ರಶ್ನೆ. ಸಣ್ಣ ಇಲಿಮನೆಯಲ್ಲಿ ಮಾಡಬಹುದಾದ್ದು ಬೀಜ ಅಥವಾ ಅಂಡಾಶಯ ತೆಗೆಯುವುದು. ಪ್ರಾಯಕ್ಕೆ ಬರುವ ಮುಂಚೆ, ಮೂರು ನಾಲ್ಕು ವಾರದಲ್ಲೇ ಮಾಡಿ. ಹೊಟ್ಟೆ ಕೊಯ್ದು ಏನನ್ನೂ ತೆಗೆಯದೆ ಹೊಲಿದ ಗುಂಪು ಎರಡೂ ಲಿಂಗದಲ್ಲಿ ಇರಲೇಬೇಕು. ಆದರೆ ಇದರಿಂದ ಹಾರ್ಮೋನಿನ ಪಾಲು ಮಾತ್ರ ಗೊತ್ತಾಗುತ್ತದೆ.

ಕ್ರೋಮೋಸೋಮಿನ ಪಾಲು ನೋಡಲು ಜಾಣರು ಬೇರೆಯೇ ಇಲಿ ಮಾಡಿದ್ದಾರೆ. ಬೀಜ ಬೆಳೆಸುವ ಎಸ್‌ಆರ್‌ವೈ ಜೀನನ್ನು ವೈ ಕ್ರೋಮೋಸೋಮಿನಿಂದ ತೆಗೆದು ಬೇರೆ ಕ್ರೋಮೋಸೋಮಿಗೆ ಸೇರಿಸಿದರೆ ಎಕ್ಸ್‌ಎಕ್ಸ್ ಇದ್ದೂ ಗಂಡು, ಎಕ್ಸ್‌ವೈ ಇದ್ದೂ ಹೆಣ್ಣು ಸಿಗುತ್ತವೆ. ಒಟ್ಟು ನಾಲ್ಕು ಬಗೆ. 2008ರಲ್ಲಿ ಇವುಗಳಲ್ಲಿ ಎಕ್ಸ್‌ಎಕ್ಸ್ ಇರುವವಕ್ಕೆ ಲೂಪಸ್, ಮೆದುಳು-ಬೆನ್ನುಹುರಿಯ ಕಾಯಿಲೆ ಎರಡೂ ಜೋರು ಅಂತ ಕಂಡಿತು. 2024ರಲ್ಲಿ ಇನ್ನೊಂದು ಸುದ್ದಿ ಬಂತು. ಈ ನಾಲ್ಕು ಬಗೆಯ ಬ್ಲಾಕ್ 6 ಇಲಿಗಳಲ್ಲಿ ಎಕ್ಸ್‌ನ ಒಂದು ತುಂಡು ವೈಗೆ ಸೇರಿಕೊಂಡಿತ್ತು, ಅದರಲ್ಲಿ ಅದೇ ಟಿಎಲ್‌ಆರ್7. ಮೇಲೆ ಹೇಳಿದ ಬಿಎಕ್ಸ್‌ಎಸ್‌ಬಿ ಕಥೆಯೇ ಇಲ್ಲೂ! ಆ ತಳಿ ಬಳಸಿದವರು ಹಳೆಯ ಲೆಕ್ಕವನ್ನೆಲ್ಲ ಮತ್ತೆ ತೆಗೆದು ನೋಡಬೇಕಾಯಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನವರು, ಹೆಣ್ಣಿನ ಒಂದು ಎಕ್ಸನ್ನು ಮುಚ್ಚಿಡುವ ಕ್ಸಿಸ್ಟ್ ಅನ್ನುವ ಆರ್‌ಎನ್‌ಎಯನ್ನು ಗಂಡಿಲಿಗಳಲ್ಲಿ ಹುಟ್ಟಿಸಿ ಪ್ರಿಸ್ಟೇನ್ ಕೊಟ್ಟರು. ಎಸ್‌ಜೆಎಲ್ ಗಂಡುಗಳಿಗೆ ಹೆಚ್ಚುಕಡಿಮೆ ಹೆಣ್ಣಿನಷ್ಟೇ ಲೂಪಸ್ ಬಂತು, ಬ್ಲಾಕ್ 6 ಗಂಡುಗಳಿಗೆ ಬರಲಿಲ್ಲ. ತಳಿ ಮೊದಲು ಗೊತ್ತು ಮಾಡಿಕೊಳ್ಳಿ ಅಂದದ್ದು ಇದಕ್ಕೇ.

ಪ್ಲೇಟು, ಪೆನ್ಸಿಲ್ಲು

ಔಷಧವನ್ನು ತೂಕಕ್ಕೆ ತಕ್ಕ ಹಾಗೆ ಕೊಡಿ, ಗಂಡು ಹೆಣ್ಣಿಗಿಂತ ಭಾರ. ರಕ್ತ ಎರಡೂ ಲಿಂಗದಿಂದ ಒಂದೇ ಬೆಳಿಗ್ಗೆ ತೆಗೆಯಿರಿ. ಎಲೈಸಾ ಮಾಡುವಾಗ ಗಂಡುಗಳನ್ನೆಲ್ಲ ಒಂದು ಪ್ಲೇಟಿಗೆ, ಹೆಣ್ಣುಗಳನ್ನೆಲ್ಲ ಇನ್ನೊಂದಕ್ಕೆ ಹಾಕುವ ಚಟ ಎಲ್ಲರಿಗೂ ಇದೆ, ನೋಡಲು ಅಚ್ಚುಕಟ್ಟು. ಎರಡು ಪ್ಲೇಟಿನ ಬಣ್ಣ ಎಂದೂ ಒಂದೇ ಆಗಿರುವುದಿಲ್ಲ. ಪ್ರತಿ ಪ್ಲೇಟಿನಲ್ಲೂ ಎರಡನ್ನೂ ಬೆರೆಸಿ ಹಾಕಿ. ಸ್ಲೈಡ್ ನೋಡುವವರಿಗೆ ಯಾವುದು ಯಾರದ್ದು ಅಂತ ಗೊತ್ತಿರಬಾರದು. ನಮ್ಮಲ್ಲಿ ಕೇಜ್ ತೊಳೆಯುವ ಅಣ್ಣನೇ ಕೋಡ್ ಹಾಕಿ ಚೀಟಿಯನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತಾನೆ. ಲಂಚ ಕೊಟ್ಟರೂ ಕೊಡುವುದಿಲ್ಲ, ಒಬ್ಬ ಹುಡುಗ ಪರೋಟ ಕೊಡಿಸಿ ನೋಡಿದ್ದ.

ಲೆಕ್ಕಕ್ಕೆ ಕೂತಾಗ ಒಂದು ತಪ್ಪು ಬಹಳ ಜನ ಮಾಡುತ್ತಾರೆ. ಪಿ ಬೆಲೆ ಅಂದರೆ ಔಷಧ ಏನೂ ಮಾಡದಿದ್ದರೂ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಾಧ್ಯತೆ, 0.05ಕ್ಕಿಂತ ಕಡಿಮೆ ಇದ್ದರೆ ಪರಿಣಾಮ ಇದೆ ಅನ್ನುವುದು ರೂಢಿ. "ಹೆಣ್ಣಿನಲ್ಲಿ ಪಿ ಬೆಲೆ 0.03, ಗಂಡಿನಲ್ಲಿ 0.08. ಹಾಗಾಗಿ ಔಷಧ ಹೆಣ್ಣಿಗೆ ಮಾತ್ರ ಹಿಡಿಯುತ್ತದೆ." ಹಾಗೆ ಹೇಳುವಂತಿಲ್ಲ. ಎರಡೂ ಲಿಂಗವನ್ನು ಒಂದೇ ಲೆಕ್ಕಕ್ಕೆ ಹಾಕಿ, ಔಷಧ ಮತ್ತು ಲಿಂಗದ ನಡುವೆ ಪರಸ್ಪರ ಪರಿಣಾಮ ಇದೆಯಾ ಅಂತ ನೇರವಾಗಿ ಕೇಳಬೇಕು. ಟೂ ವೇ ಅನೋವಾ ಅನ್ನುವ ಲೆಕ್ಕದ ವಿಧಾನ ಇರುವುದು ಇದಕ್ಕೇ. ಗ್ರಾಫಿನಲ್ಲಿ ಕಂಬ ಬೇಡ, ಒಂದೊಂದು ಇಲಿಗೆ ಒಂದೊಂದು ಚುಕ್ಕೆ ಹಾಕಿ. ಸತ್ತ ಇಲಿಯನ್ನೂ ಬರೆಯಿರಿ, ಜಗಳದಲ್ಲಿ ಗಾಯವಾಗಿ ಹೊರಗೆ ತೆಗೆದ ಗಂಡನ್ನೂ ಬರೆಯಿರಿ.

ಕೊನೆಗೆ ಒಂದು ಸಣ್ಣ ವಿಷಯ. ಸ್ಲೈಡಿನ ಮಬ್ಬು ತುದಿಯಲ್ಲಿ ನಂಬರ್ ಬರೆಯುವಾಗ ಮಾರ್ಕರ್ ಬಳಸಬೇಡಿ. ಬಣ್ಣ ಹಾಕುವ ಮುಂಚೆ ಸ್ಲೈಡನ್ನು ಆಲ್ಕೋಹಾಲಿಗೆ ಅದ್ದುತ್ತೀರಲ್ಲ, ಅದರಲ್ಲಿ ಶಾಯಿ ತೊಳೆದುಹೋಗುತ್ತದೆ. ಆಮೇಲೆ ಕೈಯಲ್ಲಿ ನಲವತ್ತು ಚೆಂದದ ಕಿಡ್ನಿ ಸೀಳುಗಳಿರುತ್ತವೆ, ಯಾವುದು ಗಂಡು ಯಾವುದು ಹೆಣ್ಣು ಅಂತ ಹೇಳುವವರು ಇರುವುದಿಲ್ಲ. ನನ್ನ ಕೋಟಿನ ಜೇಬಿನಲ್ಲಿ ಯಾವಾಗಲೂ ಒಂದು ಪೆನ್ಸಿಲ್ ಇರುತ್ತದೆ, ಕೇಳಿ, ಕೊಡುತ್ತೇನೆ. ವಾಪಸ್ ಕೊಡಿ ಅಷ್ಟೇ.